‘ಬಿಡು’ ಅಂದ್ರೆ ಹೋಗೋದು, ‘ಬೀಡು’ ಅಂದ್ರೆ ಇರೋದು. ಇದು ಹೇಗೆ ಸಾಧ್ಯ?

ಪಾಠದ ಪುಟ
ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ಮಾತಿನ ಕನ್ನಡ ಕಲಿಸುವ ಟಿಪ್ಪಣಿ ತಯಾರಾಗ್ತಿದೆ. ‘ಬಿಡು’ ಪದಕ್ಕೆ ಅರ್ಧ ಪುಟ ಸಾಕು ಅಂತ ಲೆಕ್ಕ ಹಾಕಿದ್ದು, ಈಗ ಮೂರು ಪುಟ ದಾಟಿದೆ. ಊರು ಬಿಟ್ಟ ಅಂದ್ರೆ ತೊರೆದ. ಸರಿ. ಆದರೆ ಮಾವಿನ ಮರ ಕಾಯಿ ಬಿಟ್ಟಿದೆ ಅಂದ್ರೆ ತೊರೆದಿಲ್ಲ, ಈಗಷ್ಟೇ ಬಂದಿದೆ. ಮಳೆ ಬಿಟ್ಟಿತು ಅಂದ್ರೆ ನಿಂತಿತು, ಬಸ್ ಬಿಟ್ಟಿತು ಅಂದ್ರೆ ಹೊರಟಿತು. ಗಡ್ಡ ಬಿಟ್ಟ ಅಂದ್ರೆ ಬೆಳೆಸಿದ, ಸಿಗರೇಟು ಬಿಟ್ಟ ಅಂದ್ರೆ ನಿಲ್ಲಿಸಿದ. ಕಣ್ಣು ಬಿಟ್ಟ ಅಂದ್ರೆ ತೆರೆದ. ಇದರ ಮೇಲೆ ‘ಬೀಡು’ ಬೇರೆ. ಸೇನೆ ಬೀಡು ಬಿಟ್ಟಿತು ಅಂದ್ರೆ ಅಲ್ಲೇ ಉಳಿಯಿತು!

ಎರಡು ಪ್ರಶ್ನೆ. 1) ಇದು ಒಂದೇ ಪದವಾ, ಒಂದೇ ಥರ ಕೇಳಿಸೋ ನಾಲ್ಕೈದು ಪದಗಳಾ? 2) ಕಲಿಯೋರಿಗೆ ಪಟ್ಟಿ ಕೊಡದೆ ಇದನ್ನ ಹೇಳಿಕೊಡೋಕೆ ದಾರಿ ಇದೆಯಾ?

ಸುಮ್ನೆ ಓದುಗ
ಬಿಡಿ ಸರ್, ಅದೆಲ್ಲ ಯಾಕೆ.

ಪಾಠದ ಪುಟ
ನೋಡಿ, ಇನ್ನೊಂದು ಅರ್ಥ ಸಿಕ್ತು. ಪಟ್ಟಿಗೆ ಸೇರಿಸಿದೆ.

ಬೇರು ಬಿಳಲು
ಒಂದೇ ಪದ. ತಮಿಳು, ಮಲಯಾಳದಲ್ಲಿ ವಿಡು, ತೆಲುಗಲ್ಲಿ ವಿಡುಚು, ತುಳುವಲ್ಲಿ ಬುಡು, ಕೊಡವ ತಕ್ಕ್‌ನಲ್ಲಿ ಬುಡ್. ಮೂಲದಲ್ಲಿ ‘ವ’ ಇತ್ತು, ಕನ್ನಡದಲ್ಲಿ ಪದದ ಮೊದಲಿನ ‘ವ’ ‘ಬ’ ಆಯಿತು. ತಮಿಳಿನ ವಿಲ್ ನಮ್ಮ ಬಿಲ್ಲು, ವೇರ್ ನಮ್ಮ ಬೇರು, ವಾಳೈ ನಮ್ಮ ಬಾಳೆ. ಸಂಸ್ಕೃತದಿಂದ ಬಂದ ಪದಗಳನ್ನೂ ಇದೇ ಗಾಣಕ್ಕೆ ಹಾಕಿದ್ದೇವೆ: ವೀಥಿ ಬೀದಿಯಾಯಿತು, ವಸತಿ ಬಸದಿಯಾಯಿತು, ವರ್ಣ ಬಣ್ಣವಾಯಿತು.

‘ಬೀಡು’ ಕೂಡ ಇದೇ ಬೇರಿನದು. ಕ್ರಿಯಾಪದದ ಮೊದಲ ಸ್ವರ ಉದ್ದ ಮಾಡಿ ನಾಮಪದ ಮಾಡೋದು ದ್ರಾವಿಡದ ಹಳೇ ಪದ್ಧತಿ. ಕೆಡು-ಕೇಡು, ಪಡು-ಪಾಡು, ಇಡು-ಈಡು, ಹಾಗೇ ಬಿಡು-ಬೀಡು. ಈಗ ಈ ಪದ್ಧತಿ ಸತ್ತಿದೆ. ಹೊಸ ಪದವನ್ನ ಯಾರೂ ಹೀಗೆ ಕಟ್ಟೋದಿಲ್ಲ, ಹಳೆಯವು ಮಾತ್ರ ಉಳಿದಿವೆ.

ಮಂಡ್ಯದೈದ
ತುಳುವ್ರಷ್ಟೇ ಅಲ್ಲ ಗುರುಗಳೇ, ನಮ್ ಕಡೇನೂ ಬುಡು ಅಂತ್ಲೇ ಅನ್ನೋದು. ‘ಬುಟ್ಟೋಗು’, ‘ಮಾಡ್ಬುಟ್ಟೆ’, ‘ಬುಡ್ಲಾ ಅತ್ಲಾಗೆ’. ಪೇಟೆಯೋರು ಇದನ್ನ ತಪ್ಪು ಅಂತಾರಲ್ಲ, ಏನೇಳದು?

ಬೇರು ಬಿಳಲು
ತಪ್ಪಲ್ಲ, ಅದು ತುಟಿಯ ಕೆಲಸ. ಪ, ಬ, ಮ ಹೇಳುವಾಗ ತುಟಿ ಕೂಡುತ್ತೆ. ಅದರ ಮುಂದೆ ಇ/ಎ ಬಂದು, ಆಮೇಲೆ ಡ, ಣ, ಳ ಥರದ ಅಕ್ಷರ ಬಂದರೆ ಆ ಸ್ವರ ದುಂಡಗಾಗಿ ಉ/ಒ ಆಗುತ್ತೆ. ತುಳುವಿನಲ್ಲಿ ಇದು ಸಾಲುಸಾಲಾಗಿ ಕಾಣುತ್ತೆ: ಪೆಣ್ಣು ಪೊಣ್ಣು ಆಗಿದೆ, ಬೆಳ್ ಇರೋದು ಬೊಳ್ದು ಆಗಿದೆ, ಬೀಳು ಬೂರು ಆಗಿದೆ. ನಿಮ್ಮ ಕಡೆ ಬೆಳ್ಳುಳ್ಳಿಗೆ ಬೊಳ್ಳುಳ್ಳಿ ಅನ್ನೋದೂ ಅದೇ.

ಕುಡ್ಲದಾಕೆ
‘ಬುಡ್ಲೆ ಮಾರಾಯ್ರೆ’ ಅಂತ ದಿನಕ್ಕೆ ಹತ್ತು ಸಲ ಕೇಳ್ತದೆ ನಮ್ಮಲ್ಲಿ. ಮತ್ತೆ ‘ಬೀಡು’ ಅಂದ್ರೆ ನಮಗೆ ಸೇನೆಯ ಡೇರೆ ಅಲ್ಲ. ಜೈನ, ಬಂಟ ಅರಸು ಮನೆತನದವರ ದೊಡ್ಡ ಮನೆ. ಧರ್ಮಸ್ಥಳದ ನೆಲ್ಯಾಡಿ ಬೀಡು ಉಂಟಲ್ಲ, ಅದು. ಗುತ್ತು, ಬೀಡು, ಅರಮನೆ ಅಂತ ಬೇರೆಬೇರೆ ಲೆಕ್ಕ ಉಂಟು, ಎಲ್ಲ ದೊಡ್ಡ ಮನೆಗೂ ಬೀಡು ಅನ್ಲಿಕ್ಕಿಲ್ಲ.

ಪಾಠದ ಪುಟ
ಅದೇ ನನ್ನ ತಲೆನೋವು. ಬಿಡೋದರಿಂದ ಮನೆ ಹೇಗೆ ಹುಟ್ಟಿತು?

ಚೆನ್ನೈ ಕನ್ನಡತಿ
ತಮಿಳಲ್ಲೂ ಹಾಗೇ. ವೀಡು ಅಂದ್ರೆ ದಿನಬಳಕೆಯ ಮಾತಲ್ಲಿ ಮನೆ. ಹಳೇ ಸಾಹಿತ್ಯದಲ್ಲಿ ಅದೇ ಪದ ಮೋಕ್ಷ! ಧರ್ಮ-ಅರ್ಥ-ಕಾಮ-ಮೋಕ್ಷಕ್ಕೆ ಅವರು ಅಱಂ, ಪೊರುಳ್, ಇನ್ಬಂ, ವೀಡು ಅಂತಾರೆ. ಒಂದು ಕಡೆ ಬಿಡುಗಡೆ, ಇನ್ನೊಂದು ಕಡೆ ಗೋಡೆ-ಸೂರು.

ಕಲ್ಬರಹ
ಎತ್ತಿನ ಗಾಡಿ ಕಣ್ಮುಂದೆ ತಂದುಕೊಳ್ಳಿ, ಬಿಡಿಸಿಕೊಳ್ಳುತ್ತೆ. ಗಾಡಿ ಕಟ್ಟೋದು ಅಂದ್ರೆ ಹೊರಡೋಕೆ ಸಿದ್ಧತೆ. ಗಾಡಿ ಬಿಡೋದು ಅಂದ್ರೆ ನೊಗದಿಂದ ಎತ್ತು ಕಳಚಿ, ಹೊರೆ ಇಳಿಸಿ, ಮೇವು ಹಾಕೋದು. ಉಳುವವರಲ್ಲೂ ಅಷ್ಟೇ, ಆರು (ನೇಗಿಲಿಗೆ ಹೂಡಿದ ಎತ್ತು) ಕಟ್ಟೋದು-ಆರು ಬಿಡೋದು. ಆನೆ, ಕುದುರೆ, ಎತ್ತುಗಳನ್ನ ಕಳಚಿ ಬಿಟ್ಟ ಜಾಗವೇ ಬೀಡು. ಪಾಳೆಯ ಬಿಟ್ಟರು ಅನ್ನೋದೂ ಇದೇ ಜಾಡಿನದು. ಬಿಡಾರ ಇದೇ ಬಳಗ. ಮದುವೆಯಲ್ಲಿ ಬೀಗರನ್ನ ಇಳಿಸೋ ಬಿಡದಿ ಮನೆಯೂ ಇದೇ ಬಳಗ.

ಶಾಸನಗಳಲ್ಲಿ ರಾಜಧಾನಿಗೆ ‘ನೆಲೆವೀಡು’ ಅಂತಾರೆ. ರಾಜನ ಬೀಡು ಊರೂರು ಸುತ್ತುತ್ತಿತ್ತು. ಅದು ಕಾಯಂ ಆಗಿ ನೆಲೆಸಿದ ಜಾಗ ನೆಲೆವೀಡು. ‘ನೆಲೆವೀಡಿನೊಳು ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ’ ಅನ್ನೋ ಸಾಲು ನೂರಾರು ಕಲ್ಲುಗಳಲ್ಲಿದೆ. ದೋರಸಮುದ್ರ ಪಾಳುಬಿದ್ದ ಮೇಲೆ ಹಳೇಬೀಡು ಆಯಿತು.

ಸುಮ್ನೆ ಓದುಗ
ಒಂದು ಸಂಶಯ. ಮೊದಲಿನ ವ ಬ ಆಯ್ತು ಅಂದ್ರಿ. ಮತ್ತೆ ನೆಲೆವೀಡಲ್ಲಿ ವ ಹೇಗೆ ಉಳೀತು?

ಬೇರು ಬಿಳಲು
ಉಳಿದಿದ್ದಲ್ಲ, ಮತ್ತೆ ಬಂದಿದ್ದು. ಸಮಾಸದಲ್ಲಿ ಎರಡನೇ ಪದದ ಮೊದಲಿನ ಪ, ಬ, ಮಗಳಿಗೆ ವ ಬರುತ್ತೆ. ಶಾಲೆಯಲ್ಲಿ ಓದಿದ ಆದೇಶ ಸಂಧಿ. ನೆಲೆ+ಬೀಡು.

ಕಲ್ಬರಹ
ವ ಇರೋ ಹಳೇ ರೂಪವೇ ಬೇಕಾದ್ರೆ ಹಲ್ಮಿಡಿಗೆ ಹೋಗಿ. ಬೇಲೂರು ತಾಲ್ಲೂಕಿನ ಆ ಕಲ್ಲಿಗೆ ಸಾಮಾನ್ಯವಾಗಿ ಸುಮಾರು ಕ್ರಿ.ಶ. 450ರ ಕಾಲ ಹೇಳ್ತಾರೆ. ಮುಂಭಾಗದ ಬರಹದಲ್ಲಿ ಪಲ್ಮಿಡಿ, ಮೂಳಿವಳ್ಳಿಗಳನ್ನ ‘ಕೊಟ್ಟಾರ್’ ಅಂತ ಇದೆ. ಪಕ್ಕದಲ್ಲಿ ಉದ್ದಕ್ಕೆ ಕೊರೆದ ಸಾಲಿನಲ್ಲಿ ‘ವಿಟ್ಟಾರ್’ ಅಂತ ಬರುತ್ತೆ. ಅಂದರೆ ಬಿಟ್ಟರು. ಅದರ ಮುಂದಿನ ಅಕ್ಷರಗಳನ್ನ ‘ಕರ’ ಅಂತ ಬಿಡಿಸಬೇಕಾ ‘ಅಕರ’ ಅಂತ ಬಿಡಿಸಬೇಕಾ ಅನ್ನೋದು ಬೇರೆ ಜಗಳ. ವಿಟ್ಟಾರ್ ಮಾತ್ರ ನಮ್ಮ ಬಿಡುವೇ.

ಗಮನಿಸಿ: ಹಳ್ಳಿಯನ್ನ ಕೊಟ್ಟರು, ಹತ್ತರ ಒಂದು ಪಾಲಿನ ಲೆಕ್ಕಕ್ಕೆ ಬಿಟ್ಟರು. ಮುಂದಿನ ಸಾವಿರ ವರ್ಷದ ಶಾಸನಗಳಲ್ಲಿ ‘ಧಾರಾಪೂರ್ವಕಂ ಮಾಡಿ ಬಿಟ್ಟ ದತ್ತಿ’ ಅಂತ ಭೂದಾನಕ್ಕೂ ಬಿಡು ಬಂತು. ದಾನ ಕೊಟ್ಟವನು ಅದರ ಮೇಲಿನ ಹಿಡಿತವನ್ನೇ ಬಿಟ್ಟ ಅಂತ. ‘ಉಂಬಳಿ ಬಿಟ್ಟರು’ ಅಂತ ಈಗಲೂ ಅನ್ನಲ್ವಾ?

ಪಾಠದ ಪುಟ
ಹಾಗಾದ್ರೆ ‘ಬಿಟ್ಟಿ’ (ಪುಕ್ಕಟೆ) ಕೂಡ ಇದರಿಂದಲೇ ಬಂತು ತಾನೇ? ಬಿಟ್ಟದ್ದು ಬಿಟ್ಟಿ.

ಕಲ್ಬರಹ
ಇಲ್ಲ! ಎಲ್ಲರೂ ಬೀಳೋ ಗುಂಡಿ ಇದು. ಬಿಟ್ಟಿ ಅನ್ನೋದು ‘ವಿಷ್ಟಿ’ಯ ತದ್ಭವ. ವಿಷ್ಟಿ ಅಂದ್ರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸೋ ದುಡಿಮೆ. ‘ಬಿಟ್ಟಿ ಚಾಕರಿ’ಯಲ್ಲಿ ಮೂಲ ಅರ್ಥ ಹಾಗೇ ಇದೆ. ದುಡಿಸಿಕೊಂಡವನಿಗೆ ಪುಕ್ಕಟೆ, ದುಡಿದವನಿಗೆ ಬರೆ. ನಾವು ಮೊದಲನೆಯವನ ಅರ್ಥವನ್ನ ಉಳಿಸಿಕೊಂಡ್ವಿ.

ಹೊಯ್ಸಳ ಬಿಟ್ಟಿದೇವನ ಬಗ್ಗೆ ಜೋಕ್ ಹೊಡೆಯೋಕೆ ಮುಂಚೆ ಹೇಳಿಬಿಡ್ತೀನಿ: ಅಲ್ಲಿನ ಬಿಟ್ಟಿ ‘ವಿಷ್ಣು’ವಿನ ತದ್ಭವ. ಮೂರೂ ಬೇರೆಬೇರೆ.

ಹುಬ್ಬಳ್ಳಿ ಮಂದಿ
ಹಂಗs ‘ಭಿಡೆ’ನೂ ಇದಕ್ಕ ಗಂಟ ಹಾಕಬ್ಯಾಡ್ರಿ. ‘ಯಾವ ಭಿಡೆ ಇಲ್ದ ಹೇಳ್ರಿ’ ಅಂತೀವಲ್ಲ, ಅದು ಮರಾಠಿ ಭೀಡ್‌ನಿಂದ ಬಂದದ್ದು, ಸಂಕೋಚ ಅಂತ ಅರ್ಥ. ಕೆಲವ್ರು ‘ಬಿಡೆ’ ಅಂತ ಬರ್ದು ದಾರಿ ತಪ್ಪಿಸ್ತಾರ. ದೋಸೆ ಮಾಡೋ ಬೀಡಿನ ಹಂಚೂ ಬ್ಯಾರೆ, ಅಲ್ಲಿ ಬೀಡು ಅಂದ್ರ ಎರಕದ ಕಬ್ಬಿಣ. ಮರಾಠಿಯೊಳಗೂ ಅದಕ್ಕ ಬೀಡ್ ಅಂತಾರ.

ಸುಮ್ನೆ ಓದುಗ
ಸೇದೋ ಬೀಡಿ? ಅಂಗಡೀಲಿ ‘ಬಿಡಿ ಸಿಗರೇಟು’ ಅಂತ ಕೇಳ್ತಾರಲ್ಲ.

ಬೇರು ಬಿಳಲು
ಬೀಡಿ, ಬೀಡಾ ಎರಡೂ ಸಂಸ್ಕೃತದ ‘ವೀಟಿಕಾ’ದ ಮೊಮ್ಮಕ್ಕಳು, ಎಲೆಯಲ್ಲಿ ಸುತ್ತಿದ್ದು ಅಂತ. ಬಿಡಿ ಸಿಗರೇಟಿನ ‘ಬಿಡಿ’ ಮಾತ್ರ ನಮ್ಮ ಪದ: ಕಟ್ಟಿನಿಂದ ಬಿಟ್ಟಿದ್ದು. ಬಿಡಿ ಹೂ, ಬಿಡಿ ಭಾಗ, ಬಿಡಿಗಾಸು ಎಲ್ಲ ಅಲ್ಲಿಂದಲೇ.

ಕರಡು ತಿದ್ದುವವ
ಎರಡನೇ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಹೊಸಬರಿಗೆ ಅರ್ಥದ ಪಟ್ಟಿ ಕೊಡಬೇಡಿ, ವಿರುದ್ಧ ಪದ ಕೊಡಿ. ಬಿಡು ಪದದ ಜೋಡಿ ‘ಬರು’ ಅಲ್ಲ, ‘ಇರು’ ಅಲ್ಲ. ‘ಹಿಡಿ’. ಮಳೆ ಹಿಡೀತು, ಮಳೆ ಬಿಡ್ತು. ಜ್ವರ, ಗ್ರಹಣ, ಹುಚ್ಚು, ದೆವ್ವ, ಚಟ, ಎಲ್ಲವೂ ಹಿಡಿಯುತ್ತೆ, ಬಿಡುತ್ತೆ. ಬಟ್ಟೆ ಬಣ್ಣ ಹಿಡಿಯುತ್ತೆ, ಒಗೆದಾಗ ಬಣ್ಣ ಬಿಡುತ್ತೆ. ಹಿಡಿತ ಸಡಿಲಾಗೋದೇ ತಿರುಳು. ಯಾರು ಯಾರನ್ನ ಹಿಡಿದಿದ್ದರು ಅನ್ನೋದು ಮಾತ್ರ ಬದಲಾಗುತ್ತೆ. ಅವನು ಕುಡಿತ ಬಿಟ್ಟ, ಜ್ವರ ಅವನನ್ನ ಬಿಡ್ತು.

ಹಿಡಿ ಕೂರದ ಕಡೆ ಇನ್ನೆರಡು ಜೋಡಿ ಇಟ್ಟುಕೊಳ್ಳಿ. ಕಟ್ಟು-ಬಿಡು: ಗಾಡಿ, ಎತ್ತು, ಕೂದಲು (ಜಡೆ ಹಾಕದೆ ಕೂದಲು ಬಿಟ್ಟುಕೊಂಡಿದ್ದಾಳೆ). ಮುಚ್ಚು-ಬಿಡು: ಕಣ್ಣು, ಬಾಯಿ. ‘ಪೊಲೀಸರ ಮುಂದೆ ಬಾಯಿ ಬಿಟ್ಟ’ ಅಂದ್ರೆ ಗುಟ್ಟು ಹೇಳಿದ ಅನ್ನೋದನ್ನ ಬೇರೆಯಾಗಿ ಹೇಳಿಕೊಡಬೇಕು. ಚಪ್ಪಲಿ ಹಾಕು-ಬಿಡು ಒಂಟಿ. ಅದನ್ನ ಹಾಗೇ ಬಾಯಿಪಾಠ ಮಾಡಿಸಿ.

ಪಾಠದ ಪುಟ
ಮರ ಕಾಯಿ ಬಿಡೋದು ಇವು ಮೂರರಲ್ಲಿ ಯಾವುದಕ್ಕೆ ಸೇರುತ್ತೆ?

ಕರಡು ತಿದ್ದುವವ
ಯಾವುದಕ್ಕೂ ಇಲ್ಲ. ಅದು ಒಳಗಿರೋದನ್ನ ಹೊರಕ್ಕೆ ಬಿಡೋದು. ಅಣೆಕಟ್ಟೆಯಿಂದ ನೀರು ಬಿಡೋದು, ನಿಟ್ಟುಸಿರು ಬಿಡೋದು, ಹೂ ಬಿಡೋದು, ಗಡ್ಡ ಬಿಡೋದು ಒಂದೇ ಗುಂಪು. ಗೋಡೆ ಬಿರುಕು ಬಿಡೋದು ಬೇಕಾದ್ರೆ ಇಲ್ಲೇ ಇಡಿ, ಸ್ವಲ್ಪ ಎಳೆದಂತಾಗುತ್ತೆ.

ಸುಮ್ನೆ ಓದುಗ
ರೈಲು ಬಿಡೋದು, ಬುರುಡೆ ಬಿಡೋದು ಮರೆತ್ರಿ.

ಮಂಡ್ಯದೈದ
ಬಸ್ ಸ್ಟ್ಯಾಂಡ್ ಒಂದ್ರಲ್ಲೇ ನಾಕು ಅರ್ಥ ಸಿಗ್ತವೆ. ‘ಬಸ್ ಬಿಡ್ತು’ ಅಂದ್ರೆ ಹೊರಡ್ತು. ‘ಒಂದು ಬಸ್ ಬಿಟ್ಟೆ’ ಅಂದ್ರೆ ರಶ್ ಐತೆ ಅಂತ ಬೇಕಂತ್ಲೇ ಹತ್ನಿಲ್ಲ. ‘ಹೊಸಾ ಬಸ್ ಬಿಟ್ಟವ್ರೆ’ ಅಂದ್ರೆ ಸುರು ಮಾಡವ್ರೆ. ‘ಬಸ್ ಬಿಟ್ರೆ ಆಟೋನೇ ಗತಿ’ ಅಂದ್ರೆ ಅದೊಂದನ್ನುಳಿದು. ಬಸ್ಸು ಸಿಗ್ದೆ ಹೋಗಿದ್ಕೆ ಮಾತ್ರ ಬಿಟ್ಟೆ ಅನ್ಬಾರ್ದು, ‘ತಪ್ಪೋಯ್ತು’ ಅನ್ಬೇಕು.

ಪಾಠದ ಪುಟ
ಇದು ನೇರ ಪಾಠಕ್ಕೆ ಹೋಗುತ್ತೆ. ಕಲಿಯುವವರು ಹೆಚ್ಚಾಗಿ ಮಾಡೋ ತಪ್ಪು ಇನ್ನೊಂದಿದೆ. ಆಫೀಸಿನಿಂದ ಮನೆಗೆ ಹೊರಟಾಗ ಫೋನಲ್ಲಿ ‘ನಾನು ಕೆಲಸ ಬಿಟ್ಟೆ’ ಅಂತಾರೆ!

ಕರಡು ತಿದ್ದುವವ
ವಿಭಕ್ತಿ ಹೇಳಿಕೊಟ್ಟರೆ ಸರಿಹೋಗುತ್ತೆ. ಬಿಡು ಕರ್ಮ ಕೇಳುತ್ತೆ: ಊರನ್ನು, ಕೆಲಸವನ್ನು (ಮಾತಲ್ಲಿ ‘ಅನ್ನು’ ಉದುರಿ ಊರು ಬಿಟ್ಟ, ಕೆಲಸ ಬಿಟ್ಟ). ಹೊರಡು ‘ಇಂದ’ ಮತ್ತು ‘ಗೆ’ ಕೇಳುತ್ತೆ: ಆಫೀಸಿಂದ ಮನೆಗೆ ಹೊರಟೆ. ಗಂಟೆ ಜೊತೆಗಿದ್ದರೆ ಬಿಡು ಹೊರಡುವಿನ ಕೆಲಸ ಮಾಡಬಹುದು. ‘ಮನೆ ಬಿಟ್ಟಾಗ ಎಂಟು ಗಂಟೆ’ ಅಂದ್ರೆ ಯಾರೂ ಗಾಬರಿ ಆಗಲ್ಲ. ಬರೀ ‘ಮನೆ ಬಿಟ್ಟೆ’ ಅಂದ್ರೆ ಮನೆಯವರಿಗೆ ಫೋನ್ ಹೋಗುತ್ತೆ.

ಚೆನ್ನೈ ಕನ್ನಡತಿ
ಹೊರಡು ಎಲ್ಲಿಂದ ಬಂತು ಅಂತಲೂ ಹಾಕಿ. ತಮಿಳಿನ ಪುರಪ್ಪಡು ಅದರ ಅಕ್ಕ. ಕಥಕ್ಕಳಿಯ ಶುರುವಿನಲ್ಲಿ ಬರೋ ಪುರಪ್ಪಾಡು ಕೂಡ ಅದೇ.

ಬೇರು ಬಿಳಲು
ಹೌದು. ಹಳಗನ್ನಡದಲ್ಲಿ ‘ಪೊಱಮಡು’, ಭೂತಕಾಲ ‘ಪೊಱಮಟ್ಟಂ’. ಪೊಱ ಅಂದ್ರೆ ಹೊರಗು. ಪ ಹ ಆಯಿತು, ನಡುವಿನ ಮ ಸವೆದುಹೋಯಿತು, ಹೊರಡು-ಹೊರಟ ಉಳಿಯಿತು. ಬಿಡು-ಬಿಟ್ಟ, ಕೊಡು-ಕೊಟ್ಟ, ಸುಡು-ಸುಟ್ಟ, ನೆಡು-ನೆಟ್ಟ ಎಲ್ಲದಕ್ಕೂ ಒತ್ತು ಇದೆ, ಹೊರಟಕ್ಕೆ ಮಾತ್ರ ಇಲ್ಲ. ಹಳೇ ರೂಪದಲ್ಲಿ ಇತ್ತು.

ಕುಡ್ಲದಾಕೆ
ಹೊರಟು ನಿಂತವರು ‘ಹೋಗ್ತೇನೆ’ ಅಂತ ಹೇಳ್ಬಾರ್ದು ಅಂತಾರಲ್ಲ, ‘ಬರ್ತೇನೆ’ ಅನ್ಬೇಕು. ತುಳುವಲ್ಲೂ ‘ಪೋದು ಬರ್ಪೆ’. ಅದನ್ನೂ ಪಾಠದಲ್ಲಿ ಹಾಕಿ. ಇಲ್ಲದಿದ್ರೆ ಆ ಹೊಸಬರು ‘ಬರ್ತೇನೆ’ ಅಂತ ಕೇಳಿ ಇನ್ನೊಂದು ಚಾ ಇಡ್ತಾರೆ.

ಹುಬ್ಬಳ್ಳಿ ಮಂದಿ
ನಮ್ ಕಡೆ ‘ಬರ್ತೀನ್ರಿ’ ಅಂದ್ಮ್ಯಾಲೂ ಬಾಗಲದಾಗ ನಿಂತು ಅರ್ಧಾ ತಾಸು ಮಾತಾಡ್ತಾರ್ರಿ, ಚಾ ಇಟ್ರೂ ನಡೀತದ.

ವಿಷಯಕ್ಕ ಬರ್ತೀನಿ. ‘ಬಿಡಿಸು’ ಒಂದ ಪುಟಾ ತಿಂತದ. ಹತ್ತಿ ಬಿಡಿಸೂದು, ಲೆಕ್ಕಾ ಬಿಡಿಸೂದು, ಒಗಟ ಬಿಡಿಸೂದು, ಜಗಳಾ ಬಿಡಿಸೂದು, ಸಾಲಿ ಬಿಡಿಸೂದು. ಚಿತ್ರಾ ಬಿಡಿಸೂದು ಹ್ಯಾಂಗ ಬಂತೋ?

ಬೇರು ಬಿಳಲು
ಬಿಡು+ಇಸು, ಬಿಡುವಂತೆ ಮಾಡು. ಗಂಟಾಗಿರೋದನ್ನ ಎಳೆಎಳೆಯಾಗಿ ಬೇರೆ ಮಾಡೋದು ಅಂತ ಇಟ್ಟುಕೊಂಡರೆ ಹತ್ತಿಯಿಂದ ಲೆಕ್ಕದವರೆಗೆ ಎಲ್ಲ ಕೂರುತ್ತೆ. ಚಿತ್ರ, ರಂಗೋಲಿಯಲ್ಲಿ ಗೆರೆಗಳನ್ನ ಬಿಡಿಬಿಡಿಯಾಗಿ ಹರಡೋದು ಅಂತ ನನ್ನ ಓದು. ಒಪ್ಪದವರು ಜಗಳಕ್ಕೆ ಬರಬಹುದು.

ಪಾಠದ ಪುಟ
ಅಂದ್ರೆ ಸಿಪ್ಪೆ ತೆಗೆಯೋದಕ್ಕೆಲ್ಲ ಬಿಡಿಸು ಅಂತ ಹಾಕಬಹುದಾ?

ಮಂಡ್ಯದೈದ
ಬ್ಯಾಡಿ! ಅವರೇಕಾಯಿಂದ ಕಾಳು ಬಿಡಿಸ್ತೀವಿ. ಆ ಕಾಳ ನೆನೆಹಾಕಿ ಮೇಲಿನ ಸಿಪ್ಪೆ ತೆಗ್ಯೋದು ‘ಹಿಸುಕೋದು’. ಬಾಳೆಹಣ್ಣು, ತೆಂಗಿನಕಾಯಿ ‘ಸುಲಿಯೋದು’. ಹಲಸಿನ ತೊಳೆ ಬಿಡಿಸೋದು, ಗಿಡದಿಂದ ಹೂ ಬಿಡಿಸೋದು. ಒಳಗಿರೋದು ಬಿಡಿಬಿಡಿಯಾಗಿ ಕೈಗೆ ಬಂದ್ರೆ ಬಿಡಿಸು. ಹೊದಿಕೆ ಕಿತ್ತು ತೆಗೆದ್ರೆ ಸುಲಿ.

ಸುಮ್ನೆ ಓದುಗ
‘ಹಿಸುಕು’ ಅಲ್ಲ ಅಣ್ಣ, ‘ಹಿತುಕು’. ಹಿತುಕಿದ ಬೇಳೆ.

ಮಂಡ್ಯದೈದ
ಎರಡೂ ಅಂತಾರೆ ಬುಡಪ್ಪ, ಸಾರು ಒಂದೇ.

ಕರಡು ತಿದ್ದುವವ
ಇಷ್ಟೆಲ್ಲ ಹೇಳಿ ಬಿಡು ಅತಿ ಹೆಚ್ಚು ಮಾಡೋ ಕೆಲಸವನ್ನೇ ಬಿಟ್ಟಿದ್ದೀರಿ: ಮಾಡಿಬಿಡು, ಮರೆತುಬಿಟ್ಟೆ, ಹೋಗಿಬಿಟ್ಟ. ಇಲ್ಲಿ ಬಿಡೋದು ಏನೂ ಇಲ್ಲ. ಕೆಲಸ ಪೂರ್ತಿ ಮುಗಿಯಿತು, ಇನ್ನು ವಾಪಸ್ ಇಲ್ಲ ಅಂತ ಮುದ್ರೆ ಒತ್ತುತ್ತೆ. ‘ಲೋಟ ಒಡೆದೆ’ ಬರೀ ವರದಿ. ‘ಲೋಟ ಒಡೆದುಬಿಟ್ಟೆ’ ಅನ್ನುವಾಗ ಅಯ್ಯೋ ಅನ್ನೋದೂ ಇದೆ. ‘ಮಾತ್ರೆ ನುಂಗಿಬಿಡು’ ಅಂದ್ರೆ ಬೇಗ ಮುಗಿಸು, ಯೋಚಿಸಬೇಡ.

ಪಾಠದಲ್ಲಿ ಮೂರು ರೂಪ ಒಟ್ಟಿಗೆ ಇಡಿ:
ಹೋಗಲು ಬಿಟ್ಟ (ತಡೆಯಲಿಲ್ಲ)
ಹೋಗಿಬಿಟ್ಟ (ಹೊರಟೇಹೋದ)
ಹೋಗಿ ಬಿಟ್ಟ (ತಾನೇ ಹೋಗಿ, ಯಾರನ್ನೋ ತಲುಪಿಸಿದ)

ಎರಡನೆಯದು ಸೇರಿಸಿ ಬರೆಯಬೇಕು, ಮೂರನೆಯದು ಬಿಡಿಸಿ. ಮೊಬೈಲಲ್ಲಿ ಟೈಪ್ ಮಾಡುವವರು ಎಲ್ಲವನ್ನೂ ಬಿಡಿಸಿ ಬರೆದು ‘ಅಪ್ಪ ಹೋಗಿ ಬಿಟ್ಟರು’ ಅಂತಾರೆ. ಎಲ್ಲಿಗೆ, ಯಾರನ್ನ ಬಿಟ್ಟರು ಅಂತ ಓದುವವರು ಹುಡುಕಬೇಕು.

ಇನ್ನೊಂದು ಪರೀಕ್ಷೆ ನಿಷೇಧದ್ದು. ‘ಬೀಳಲು ಬಿಡಲಿಲ್ಲ’ ಸರಿ. ‘ಬಿದ್ದುಬಿಡಲಿಲ್ಲ’ ಕಿವಿಗೆ ಒಗ್ಗಲ್ಲ, ನಡೆಯದ ಕೆಲಸಕ್ಕೆ ಮುಗಿಯಿತು ಅನ್ನೋ ಮುದ್ರೆ ಯಾಕೆ? ‘ಬಿದ್ದುಬಿಡಬೇಡ’ ಮಾತ್ರ ಚೆನ್ನಾಗಿ ನಡೆಯುತ್ತೆ, ಯಾಕಂದ್ರೆ ಅದು ಎಚ್ಚರಿಕೆ.

ಚೆನ್ನೈ ಕನ್ನಡತಿ
ತಮಿಳಲ್ಲೂ ವಿಡು ಇದೇ ಕೆಲಸ ಮಾಡುತ್ತೆ. ಬರೆಯುವಾಗ ಪೋಯ್‌ವಿಟ್ಟಾನ್, ಮಾತಲ್ಲಿ ಪೋಯಿಟ್ಟಾನ್. ವಿ ಪೂರ್ತಿ ಮಾಯ. ನಮ್ಮಲ್ಲಿ ಹೋಗ್ಬಿಟ್ಟ ಅನ್ನುವಾಗಲೂ ಬ ಗಟ್ಟಿಯಾಗಿ ಕೂತಿದೆ.

ಹುಬ್ಬಳ್ಳಿ ಮಂದಿ
‘ಬಿಟ್ಟುಬಿಟ್ಟ’ ಅಂದ್ರ ಎರಡೂ ಬಿಡು ಒಂದ ಕಡೆ. ಮೊದಲಿಂದು ಅರ್ಥದ್ದು, ಎರಡನೇದು ಮುದ್ರೆದ್ದು.

ಪಾಠದ ಪುಟ
ದಿನಗಳ ಲೆಕ್ಕ? ‘ಎರಡು ದಿನ ಬಿಟ್ಟು ಬಾ’, ‘ದಿನ ಬಿಟ್ಟು ದಿನ’.

ಕರಡು ತಿದ್ದುವವ
ಹುಷಾರು, ಮಾತ್ರೆ ಚೀಟಿಯಲ್ಲಿ ಇದು ಅಪಾಯ. ‘ದಿನ ಬಿಟ್ಟು ದಿನ’ ಅಂದ್ರೆ ಸೋಮವಾರ, ಬುಧವಾರ, ಶುಕ್ರವಾರ. ‘ಎರಡು ದಿನ ಬಿಟ್ಟು’ ಅಂದಾಗ ಸೋಮವಾರದಿಂದ ಎಣಿಸಿ ಬುಧವಾರ ಬರೋರೂ ಇದ್ದಾರೆ, ನಡುವೆ ಎರಡು ಪೂರ್ತಿ ದಿನ ಬಿಟ್ಟು ಗುರುವಾರ ಬರೋರೂ ಇದ್ದಾರೆ. ವಾರದ ಹೆಸರು ಹೇಳಿಸೋ ಅಭ್ಯಾಸ ಮಾಡಿಸಿ. ‘ಬಿಟ್ಟರೆ’ಯಲ್ಲೂ ಎರಡಿದೆ: ‘ನನ್ನನ್ನ ಬಿಟ್ಟರೆ ಯಾರಿದ್ದಾರೆ?’ ಅಂದ್ರೆ ಹೊರತು, ‘ನನ್ನನ್ನ ಬಿಟ್ಟರೆ ಹೋಗ್ತೀನಿ’ ಅಂದ್ರೆ ಅನುಮತಿ.

ಕುಡ್ಲದಾಕೆ
ಆ ಹೊಸಬರು ಕೆಟ್ಟ ಮಾತು ಏನಾದ್ರು ಆಡಿದ ಕೂಡ್ಲೆ ಹಿರಿಯರು ‘ಬಿಡ್ತು ಅನ್ನು’ ಅಂದ್ರೆ ಏನಂತ ತಿಳೀಬೇಕು?

ಕಲ್ಬರಹ
ಹಿಡಿ-ಬಿಡು ಜೋಡಿಯನ್ನೇ ಹಾಕಿ ನೋಡಿ. ಅಶುಭ ಮಾತು ಆಡಿದ ಕ್ಷಣ ಅದು ಹಿಡಿದುಕೊಳ್ಳುತ್ತೆ, ‘ಬಿಡ್ತು’ ಅಂತ ಭೂತಕಾಲದಲ್ಲಿ ಹೇಳಿದರೆ ಆಗಲೇ ಬಿಟ್ಟು ಹೋಗಿರುತ್ತೆ. ‘ಬಿಡಲಿ’ ಅಂತ ಯಾರೂ ಹರಸಲ್ಲ, ಆಡಿದವರ ಬಾಯಲ್ಲೇ ‘ಬಿಡ್ತು’ ಅನ್ನಿಸಬೇಕು.

ಪಾಠದ ಪುಟ
ಸರಿ, ಪುಟಗಳ ಜೋಡಣೆ ಬದಲಾಯಿಸಿದೆ. ಮೊದಲು ಹಿಡಿ-ಬಿಡು, ಆಮೇಲೆ ಕಟ್ಟು-ಬಿಡು, ಮುಚ್ಚು-ಬಿಡು, ಹೊರಕ್ಕೆ ಬಿಡೋದು. ಬಸ್ ಸ್ಟ್ಯಾಂಡಿನ ನಾಲ್ಕು ಸಾಲು ಅಭ್ಯಾಸಕ್ಕೆ. ಮಾಡಿಬಿಡುಗೆ ಬೇರೆ ಪಾಠ. ಬಿಟ್ಟಿ, ಭಿಡೆ, ಬೀಡಿ ಕೆಳಗಿನ ಟಿಪ್ಪಣಿಗೆ ಹೋದವು. ಏನಾದ್ರೂ ಬಿಟ್ಟು ಹೋಯ್ತಾ?

ಸುಮ್ನೆ ಓದುಗ
‘ಬಿಟ್ಟುಹೋಯ್ತಾ’ ಸೇರಿಸಿ ಬರೀರಿ ಸರ್. ಬಿಡಿಸಿ ಬರೆದ್ರೆ ಯಾವುದೋ ಬಸ್ಸು ನಿಮ್ಮನ್ನ ಬಿಟ್ಟು ಹೋದ ಹಾಗಿದೆ.

ಕರಡು ತಿದ್ದುವವ
ಇದು ನಾನು ಹೇಳಬೇಕಿತ್ತು.